ಸೈನ್ಯವಿಲ್ಲದ ಕಿಲ್ಲಾ

ದೀಪಾವಳಿಗೆ ಹತ್ತು ದಿನ ಇದೆ ಅನ್ನುವಾಗ ನಮ್ಮ ಸದಲಗಾದ ಓಣಿಯ ಮಕ್ಕಳಿಗೆ ಮಣ್ಣಿನ ಹುಚ್ಚು ಹಿಡಿಯುತ್ತದೆ. ಕಟ್ಟೆಯ ಪಕ್ಕ, ಅಂಗಳದ ಮೂಲೆ, ನಲ್ಲಿಯ ಬುಡ, ಎಲ್ಲಿ ಒಂದು ಮಾರು ಜಾಗ ಸಿಕ್ಕರೂ ಅಲ್ಲೊಂದು ಕಿಲ್ಲಾ ಏಳುತ್ತದೆ. ಒಡಕು ಇಟ್ಟಿಗೆ ಪೇರಿಸಿ, ಕೆಸರಿನಲ್ಲಿ ಅದ್ದಿದ ಗೋಣಿತಟ್ಟು ಹೊದಿಸಿ, ಬುರುಜು, ಮೆಟ್ಟಿಲು, ಬಾಗಿಲು ಎಲ್ಲ ತಿದ್ದಿ, ಮೈತುಂಬ ಅಳವಿ ಕಾಳು ಚೆಲ್ಲಿ ನೀರು ಚಿಮುಕಿಸಿದರೆ ಹಬ್ಬದ ಹೊತ್ತಿಗೆ ಗುಡ್ಡವೇ ಹಸಿರಾಗಿ ನಿಲ್ಲುತ್ತದೆ. ತುದಿಯಲ್ಲಿ ಮಣ್ಣಿನ ಮಹಾರಾಜರು, ಕೆಳಗೆ ಮಣ್ಣಿನ ಸೈನಿಕರು. ಗಡಿಯಾಚೆಯ ಮರಾಠಿಗರ ಆಟ ಅನ್ನುವವರಿದ್ದಾರೆ. ಕೆಸರಿಗೆ ಅದು ಗೊತ್ತಿದ್ದಂತಿಲ್ಲ.

ನಾನು ಸಣ್ಣವನಿದ್ದಾಗ ಒಂದೂ ಕಿಲ್ಲಾ ಕಟ್ಟಿದವನಲ್ಲ. ಕೆಸರಿನಲ್ಲಿ ಗಾಜಿನ ಚೂರು ಇದ್ದರೆ ಎಂಬ ಅಂಜಿಕೆ ಆಗಲೇ ಇತ್ತು. ಮುಂದೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರನಾದೆ. ಅಂಜಿಕೆ ಹೋಗಲಿಲ್ಲ, ಅದಕ್ಕೆ ರೋಗಗಳ ಸರಿಯಾದ ಹೆಸರು ಸಿಕ್ಕವು, ಅಷ್ಟೇ.

ಮೂರು ವರ್ಷದ ಹಿಂದೆ, ಮಗಳಿಗೆ ಆರು ತುಂಬಿದ ವರ್ಷ, “ಪಪ್ಪಾ, ನಾವೂ ಕಿಲ್ಲಾ ಕಟ್ಟೋಣು” ಅಂದಳು. ಬೇಡ ಎನ್ನಲು ನನ್ನ ಬಳಿ ಬೇಕಾದಷ್ಟು ಕಾರಣಗಳಿದ್ದವು. ನಾನು ಅವುಗಳನ್ನು ಜೋಡಿಸಿಕೊಳ್ಳುವಷ್ಟರಲ್ಲಿ ಅವಳು ಪಕ್ಕದ ಮನೆಯ ಚಾಚಾನನ್ನು ಕೇಳಿ ಗೋಣಿತಟ್ಟು ತಂದೇಬಿಟ್ಟಿದ್ದಳು. ಚಾಚಾ ಗೌಂಡಿ. ಊರಿನ ಅರ್ಧ ಗೋಡೆಗಳು ಅವನ ಕೈಯವು. ಹಿಂದೆಯೇ ಅವನೂ ಬಂದ, ಒಂದು ಬುಟ್ಟಿ ಕೆಂಪು ಮಣ್ಣು ಅಂಗಳದಲ್ಲಿ ಸುರುವಿದ.

ನಾನು ಆ ಮಣ್ಣನ್ನು ಎರಡು ಸಲ ಸಾಣಿಸಿದೆ. ನೀರನ್ನು ಕುದಿಸಿ ಆರಿಸಿದೆ. ಮಗಳ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿ ಮುಂಗೈಗೆ ರಬ್ಬರ್ ಬ್ಯಾಂಡ್ ಹಾಕಿದೆ. ಚಾಚಾ ಬೀಡಿ ಹಚ್ಚಿಕೊಂಡು ಗೋಡೆಗೆ ಆತು ನಿಂತು ನೋಡಿದ.

“ಮಾಸ್ತರ, ಇದೇನ್ ಕಿಲ್ಲಾನೋ, ದವಾಖಾನಿನೋ?”

“ಧನುರ್ವಾಯು ಅಂತ ಒಂದು ಐತಿ ಚಾಚಾ...”

“ನಾ ನಲವತ್ತ ವರ್ಷ ಮಣ್ಣ ಕಲಸೇನಿ. ನಿಮ್ಮ ಧನುರ್ವಾಯು ಒಮ್ಮೆರೆ ಬಂದು ಮಾತಾಡಿಸ್ಲಿಲ್ಲ ನೋಡ್ರಿ.” ಮಗಳ ಕಡೆ ತಿರುಗಿ, “ತಗೀ ಬೇ ಆ ಚೀಲಾ. ಕೈಗೆ ಮಣ್ಣ ಹತ್ತಲಿಲ್ಲಂದ್ರ ಬುರುಜ ನಿಂದ್ರೂದಿಲ್ಲ” ಅಂದ.

ಅವಳು ತೆಗೆದಳು. ಬುರುಜು ನಿಂತಿತು.

ಮಹಾರಾಜರನ್ನೂ ಸೈನಿಕರನ್ನೂ ತರಲು ಇಬ್ಬರೂ ನಿಪ್ಪಾಣಿಗೆ ಹೋದೆವು. ಬಸ್ ಸ್ಟ್ಯಾಂಡಿನ ಆಚೆ ರಸ್ತೆಯುದ್ದಕ್ಕೂ ಗೊಂಬೆಗಳ ಅಂಗಡಿ. ಈಟಿ ಹಿಡಿದವರು, ಕಹಳೆ ಊದುವವರು, ತೋಪಿಗೆ ಬತ್ತಿ ಇಡುವವರು. ಒಬ್ಬ ಸೈನಿಕನನ್ನು ಎತ್ತಿ ಉಗುರಿನಿಂದ ಕೆರೆದು ನೋಡಿದೆ. ಬಣ್ಣ ಎದ್ದು ಬಂತು. ಬಣ್ಣದಲ್ಲಿ ಸೀಸ ಇರುತ್ತದೆ, ಸೀಸ ಬೆರಳಿಗೆ ಹತ್ತುತ್ತದೆ, ಬೆರಳು ಬಾಯಿಗೆ ಹೋಗುತ್ತದೆ. ಮಹಾರಾಜರ ಬಣ್ಣ ಮಾತ್ರ ಗಟ್ಟಿ ಇತ್ತು. ಅವರೊಬ್ಬರನ್ನೇ ಕೊಂಡೆ.

ವಾಪಸು ಬರುವ ಬಸ್ಸಿನಲ್ಲಿ ಮಹಾರಾಜರನ್ನು ತೊಡೆಯ ಮೇಲೆ ಕೂರಿಸಿಕೊಂಡ ಮಗಳು ಕೇಳಿದಳು: “ಪಪ್ಪಾ, ಇವರೊಬ್ಬರ ಕಿಲ್ಲಾದ ಮ್ಯಾಲ ಏನ್ ಮಾಡ್ತಾರ?”

“ವಿಚಾರ ಮಾಡ್ತಾರ” ಅಂದೆ.

“ನಿನ್ನಂಗ?”

ಮುಂದಿನ ಸೀಟಿನಲ್ಲಿದ್ದ ಹೆಂಗಸು ಹಿಂದೆ ತಿರುಗಿ ನಕ್ಕಳು.

ಅಳವಿ ನಾಲ್ಕೇ ದಿನಕ್ಕೆ ಮೊಳೆಯಿತು. ನಮ್ಮದು ಜೈನರ ಮನೆ. ಹಬ್ಬಕ್ಕೆ ಪಟಾಕಿ ಇಲ್ಲ, ಹಾರುವ ಹುಳ ಸುಟ್ಟಾವು ಎಂದು. ದೀಪಾವಳಿಯ ಬೆಳಗಿನ ಜಾವ ಬಸದಿಗೆ ಹೋಗಿ ಲಾಡು ಏರಿಸಿ ಬರುವುದೇ ನಮ್ಮ ಸಂಭ್ರಮ. ಆ ಬೆಳಿಗ್ಗೆ ಅಜ್ಜಿಯ ಕೈ ಹಿಡಿದು ಹೋಗಿ ಬಂದ ಮಗಳು ನೇರ ಅಡುಗೆಮನೆಗೆ ನುಗ್ಗಿ, ಡಬ್ಬಿಯಿಂದ ಒಂದು ಲಾಡು ತೆಗೆದು ಮಹಾರಾಜರ ಮುಂದೆ ಇಟ್ಟು ಕೈಮುಗಿದಳು. ಸಂಜೆ ಅದನ್ನು ತೆಗೆಯಲು ಹೋದೆ.

“ಏ, ಏರಿಸಿದ್ದು ತಗೀಬಾರ್ದು. ಆಯಿ ಹೇಳ್ಯಾಳ.”

ಅವಳಿಗೆ ಆಯಿ ಎಂದರೆ ನನ್ನ ಅವ್ವ. ನಮ್ಮ ಮನೆಯಲ್ಲಿ ಅವ್ವನ ಮಾತಿನ ಮೇಲೆ ಅಪೀಲು ಇಲ್ಲ. ಲಾಡು ಅಲ್ಲಿಯೇ ಉಳಿಯಿತು.

ಮರುದಿನ ಬೆಳಿಗ್ಗೆ ಅಂಗಳದಿಂದ ಕಿರುಚಿದಳು. ಹಾವು ಎಂದುಕೊಂಡು ಓಡಿದೆ. “ಪಪ್ಪಾ! ಸೈನ್ಯಾ ಬಂತು!”

ಇರುವೆಗಳು. ಕಿಲ್ಲಾದ ಬಾಗಿಲಿನಲ್ಲಿ ಒಳಹೊಕ್ಕು, ಅವಳು ಬೆಂಕಿಕಡ್ಡಿಯಿಂದ ಕೊರೆದ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿ, ಮಹಾರಾಜರ ಮುಂದಿನ ಲಾಡಿನಿಂದ ಒಂದೊಂದು ಹರಳು ಹೊತ್ತು ಅದೇ ದಾರಿಯಲ್ಲಿ ಇಳಿಯುತ್ತಿದ್ದವು. ಎಷ್ಟು ಶಿಸ್ತು ಎಂದರೆ, ನನ್ನ ಒಂಬತ್ತನೇ ತರಗತಿ ಪ್ರಾರ್ಥನೆಗೂ ಹಾಗೆ ನಿಂತದ್ದಿಲ್ಲ. ಮಹಾರಾಜರ ಕಾಲಾಳುಗಳಿಗೆ ನಮ್ಮ ಕಡೆ ಮಾವಳೆ ಅನ್ನುತ್ತಾರೆ. ಮಗಳು ಹೊಟ್ಟೆಯ ಮೇಲೆ ಮಲಗಿ ಎಲ್ಲರನ್ನೂ ಮಾವಳೆ ಮಾಡಿದಳು. ದೊಡ್ಡ ಹರಳು ಹೊತ್ತವನು ಹವಾಲ್ದಾರ. ಏನೂ ಹೊರದೆ ಓಡಾಡುವವನು ಸಾಹೇಬ.

ಸಂಜೆಗೆ ಅವಳ ಮುಂಗೈ ಮೇಲೆ ತೊಗರಿ ಕಾಳಿನಷ್ಟು ಕೆಂಪು ಗುಳ್ಳೆ. “ತಪ್ಪಿ ಕಡದಾನ ಪಪ್ಪಾ. ನಾ ವೈರಿ ಅಂತ ತಿಳದಾನ” ಎಂದು ಅವಳೇ ಅವನ ಪರ ವಕಾಲತ್ತು ಮಾಡಿದಳು. ಅವ್ವ ಅರಿಶಿಣ ಹಚ್ಚಿದಳು. ಹೆಂಡತಿ “ಇಷ್ಟಕ್ಕ ಯಾಕ ಹಂಗ ಬೆವರಾಕತ್ತೀರಿ?” ಅಂದಳು. ನಾನು ಫೋನು ಹಿಡಿದು ಕೂತಿದ್ದೆ. ಇರುವೆ ಕಚ್ಚಿ ಗಂಟಲು ಊದಿದ ಮಕ್ಕಳ ಸುದ್ದಿ ಎಲ್ಲೆಲ್ಲಿಂದಲೋ ಬಂದು ನನ್ನ ಅಂಗೈಯಲ್ಲಿ ಸಾಲುಗಟ್ಟಿತು. ಗಂಟಲು ಊದಿದರೆ ಚಿಕ್ಕೋಡಿಗೆ ಹೋಗಬೇಕು. ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಅಡ್ಡ. ಇಷ್ಟೆಲ್ಲ ನಾನು ಕೂತಲ್ಲಿಯೇ ಪ್ರಯಾಣ ಮಾಡಿ ಮುಗಿಸಿದೆ.

ಮರುದಿನ ಭಾವುಬೀಜ. ಹೆಂಡತಿ ಅಣ್ಣನಿಗೆ ಆರತಿ ಮಾಡಲು ಮಗಳನ್ನು ಕರೆದುಕೊಂಡು ಅಥಣಿಗೆ ಹೊರಟಳು. ಒಂದು ರಾತ್ರಿ ಅಲ್ಲಿದ್ದು ಬರುವವರು. ಮಗಳು ಚಪ್ಪಲಿ ಹಾಕಿಕೊಂಡವಳು ಮತ್ತೆ ಒಳಗೆ ಓಡಿಬಂದಳು.

“ಪಪ್ಪಾ, ಸೈನ್ಯಾ ನೋಡ್ಕೋ.”

“ನೋಡ್ಕೋತೀನಿ” ಅಂದೆ.

ನನ್ನ ಕಪಾಟಿನಲ್ಲಿ, ಹಳೆಯ ಉತ್ತರಪತ್ರಿಕೆಗಳ ಕಟ್ಟಿನ ಹಿಂದೆ, ಇರುವೆ ಪುಡಿಯ ಒಂದು ಡಬ್ಬಿ ಇತ್ತು. ಸದಲಗಾದಲ್ಲಿ ಕೊಂಡರೆ ಅವ್ವನ ಕಿವಿಗೆ ಬೀಳುತ್ತದೆಂದು ಚಿಕ್ಕೋಡಿಯಲ್ಲಿ ಕೊಂಡದ್ದು. ಬೇರೆ ಗಂಡಸರು ಪಕ್ಕದ ಊರಿಗೆ ಹೋಗಿ ಬಾಟಲಿ ಮುಚ್ಚಿಟ್ಟುಕೊಂಡು ಬರುವ ಹಾಗೆ ನಾನು ಅದನ್ನು ಪೇಪರಿನಲ್ಲಿ ಸುತ್ತಿ ತಂದಿದ್ದೆ. ನನ್ನ ಅವ್ವ ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಗೆ ಹತ್ತಿದ ಹುಳ ಬದುಕಲೆಂದು ಆ ಬಟ್ಟೆಯನ್ನೂ ಮತ್ತೆ ನೀರಿನಲ್ಲೇ ಅದ್ದಿ ಬಿಡುವವಳು. ಮನೆಯೊಳಗೆ ಇರುವೆ ಬಂದರೆ ಸಕ್ಕರೆಯ ಒಂದು ಗೆರೆ ಎಳೆದು, ತಾಸುಗಟ್ಟಲೆ ಕೂತು, ಅವುಗಳನ್ನು ಹಿತ್ತಲಿಗೆ ದಾಟಿಸುವವಳು. ಅಂದು ಅವಳನ್ನು ಕೇಳಿದ್ದರೆ ಆ ಸೈನ್ಯವನ್ನೂ ಹಾಗೆಯೇ ದಾಟಿಸಿ ಕೊಡುತ್ತಿದ್ದಳು. ಕೇಳಲಿಲ್ಲ. ತಾಸುಗಟ್ಟಲೆ ಕೂರುವ ತಾಳ್ಮೆ ನನ್ನ ಅಂಜಿಕೆಗೆ ಇರಲಿಲ್ಲ.

ಮಧ್ಯಾಹ್ನ, ಅವ್ವ ಒಳಗೆ ಜಪಕ್ಕೆ ಕೂತ ಮೇಲೆ, ಕಿಲ್ಲಾದ ಬಾಗಿಲಿನ ಸುತ್ತ ಪುಡಿ ಉದುರಿಸಿದೆ. ಅರ್ಧ ತಾಸು ಸಾಕಾಯಿತು. ಸಾಲು ಮೊದಲು ಮುರಿಯಿತು, ಆಮೇಲೆ ಸುತ್ತತೊಡಗಿತು, ಆಮೇಲೆ ನಿಂತಿತು. ಪೋಸ್ಟ್ ಕಾರ್ಡಿನಿಂದ ಒಟ್ಟು ಮಾಡಿದರೆ ಒಂದು ಹಿಡಿಯೂ ಆಗಲಿಲ್ಲ. ಹವಾಲ್ದಾರ ಯಾರು ಎಂದು ಗುರುತು ಸಿಗಲಿಲ್ಲ.

ತಲೆಯೆತ್ತಿದರೆ ಕಿಟಕಿಯಲ್ಲಿ ಅವ್ವ. ಕೈಯಲ್ಲಿ ಜಪಮಣಿ, ಬೆರಳು ಒಂದೇ ಮಣಿಯ ಮೇಲೆ ನಿಂತಿದೆ.

ಇನ್ನೊಂದು ಅಂಜಿಕೆ ಅದರ ಬೆನ್ನಿಗೇ ಬಂತು: ಪುಡಿ ಮಗಳ ಕೈಗೆ ಹತ್ತಿದರೆ? ಬಾಗಿಲ ಮಣ್ಣನ್ನು ನಾಲ್ಕು ಬೆರಳು ಆಳ ಅಗೆದು ತೆಗೆದು ದೂರ ಹೂತು ಬಂದೆ. ಕೆಂಪು ಮಣ್ಣು ಉಳಿದಿರಲಿಲ್ಲ. ಕರಿಬೇವಿನ ಬುಡದಿಂದ ಕರೀ ಮಣ್ಣು ತಂದು ಮೆತ್ತಿ, ತಟ್ಟಿ, ಅಳವಿ ಚೆಲ್ಲಿದೆ. ನೋಡಲು ಚೆನ್ನಾಗಿಯೇ ಇತ್ತು ಅಂದುಕೊಂಡೆ.

ಆ ಸಂಜೆಯಿಂದ ಅವ್ವ ಒಂದೇ ಹೊತ್ತು ಉಣ್ಣತೊಡಗಿದಳು. ಎರಡು ದಿನ ನೋಡಿ ಕೇಳಿದೆ: “ತಪ್ಪು ನಂದು. ಉಪವಾಸ ನೀ ಯಾಕ ಮಾಡಾಕತ್ತಿ?”

“ನೀ ಮಾಡಿದ್ರ ಸಂಜೀಕ ಬಿಪಿ ನೋಡ್ಕೋತ ಕುಂಡ್ರತಿ. ಹಿಂಗಾಗಿ ನಾನ ಮಾಡಾಕತ್ತೀನಿ” ಅಂದಳು. ಎಂಟು ದಿನ ಹಾಗೆಯೇ ನಡೆಸಿದಳು. ಬೈಯಲಿಲ್ಲ. ಬೈದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ಮಗಳು ಅಥಣಿಯಿಂದ ಬಂದಾಗ ಅವಳ ಮುಷ್ಟಿಯಲ್ಲಿ ಕರವಸ್ತ್ರದ ಗಂಟು. ಒಳಗೆ ಕರದಂಟಿನ ಚೂರು, ಸೈನ್ಯಕ್ಕೆ. ಕಿಲ್ಲಾದ ಮುಂದೆ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದಳು.

“ಪಪ್ಪಾ, ಎಲ್ಲಿ ಹೋಗ್ಯಾವ?”

“ದಂಡ ಕಟ್ಟಕೊಂಡು ಸ್ವಾರಿಗೆ ಹೋಗ್ಯಾವ” ಅಂದೆ. ಬಾಯಿಗೆ ಬಂದದ್ದು ಅದೇ.

“ಯಾವೂರಿಗೆ?”

“ಭೋಜಕ್ಕ.”

“ಯಾವಾಗ ಬರ್ತಾವ?”

“ಹೊಳಿ ದಾಟಬೇಕಲ್ಲ. ತಡಾ ಆಕ್ಕತಿ.”

ಅವಳು ಕಿಟಕಿಯ ಕಡೆ ತಿರುಗಿದಳು. “ಆಯಿ, ನೀ ನೋಡಿದ್ಯಾ ಹೋಗೂದು?”

ಅವ್ವ ಸುಳ್ಳು ಹೇಳುವವಳಲ್ಲ. ನನ್ನ ಮುಖ ನೋಡಿದಳು. “ನಿಮ್ಮಪ್ಪನ್ನ ಕೇಳು” ಅಂದಳು, ಒಳಗೆ ಹೋದಳು.

ಮಗಳು ಮತ್ತೆ ಕೇಳಲಿಲ್ಲ. ಕರದಂಟಿನ ಚೂರನ್ನು ಬಾಗಿಲಲ್ಲಿ ಇಟ್ಟಳು. ಮರುದಿನದಿಂದ ಶಾಲೆಗೆ ಹೋಗುವ ಮುನ್ನ ಪ್ರತಿ ಬೆಳಿಗ್ಗೆ ಅಲ್ಲಿ ಒಂದು ಚಿಟಿಕೆ ಸಕ್ಕರೆ. ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ: ಒಂದಾದರೂ ಬರಲಿ ಎಂದೂ, ಬಂದರೆ ಕಚ್ಚೀತು, ಬಾರದಿರಲಿ ಎಂದೂ. ಎರಡನ್ನೂ ಒಟ್ಟಿಗೆ ಬಯಸುವವನ ಪಾಡು ಏನು ಹೇಳಲಿ. ತುಳಸಿ ಲಗ್ನದವರೆಗೂ ಸಕ್ಕರೆ ಇಟ್ಟಳು. ಬಾಗಿಲ ಮುಂದಿನ ಅಳವಿ ಮೊಳೆಯಲೇ ಇಲ್ಲ. ಆಮೇಲೆ ಒಂದು ಅಕಾಲದ ಮಳೆಗೆ ಕಿಲ್ಲಾ ಕರಗಿತು. ಮಹಾರಾಜರನ್ನು ತೊಳೆದು ಟೀವಿಯ ಮೇಲೆ ಇಟ್ಟೆವು.

ಮುಂದಿನ ದೀಪಾವಳಿಗೆ ನಾನೇ ಗೋಣಿತಟ್ಟು ತಂದೆ. ಸಾಣಿಸದ ಮಣ್ಣನ್ನೇ ತರಿಸಿದೆ. “ಬ್ಯಾಡ ಪಪ್ಪಾ, ಹೋಂವರ್ಕ್ ಐತಿ” ಅಂದಳು. ಅದರ ಮರುವರ್ಷವೂ ಅಷ್ಟೇ. ಚಾಚಾ ಮಾತ್ರ ಕೇಳುತ್ತಿದ್ದ: “ಏನ್ರಿ ಮಾಸ್ತರ, ನಮ್ಮ ಗೌಂಡಿ ಕೆಲಸಾ ಬಿಟ್ಲೇನು?” ನಾನು ನಕ್ಕು ಒಳಗೆ ಬರುತ್ತಿದ್ದೆ. ಮಗಳಿಗೆ ನಿಜ ಹೇಳಿಬಿಡಬೇಕು ಎಂದು ಎಷ್ಟು ಸಲ ಅಂದುಕೊಂಡೆನೋ. ಹೇಳಿದರೆ ಅವಳ ಮನಸ್ಸಿಗೆ ಏನಾದೀತೋ ಎಂಬ ಕಾಳಜಿ, ನನ್ನ ಉಳಿದ ಕಾಳಜಿಗಳ ಹಾಗೆಯೇ, ನನಗೆ ಬಹಳ ಅನುಕೂಲವಾಗಿತ್ತು.

ಈ ವರ್ಷ ಅವಳಿಗೆ ಒಂಬತ್ತು. ಹಬ್ಬಕ್ಕೆ ವಾರವಿರುವಾಗ ತಾನಾಗಿಯೇ ಬಂದು, “ಕೆಂಪ ಮಣ್ಣ ತರಸು” ಅಂದಳು. ನನಗೆ ಆದ ಖುಷಿಗೆ ಒಬ್ಬನೇ ನಿಪ್ಪಾಣಿಗೆ ಹೋಗಿ ಹನ್ನೆರಡು ಸೈನಿಕರ ಒಂದು ಪೆಟ್ಟಿಗೆ ತಂದೆ. ಬಣ್ಣ ಕೆರೆದು ನೋಡಲಿಲ್ಲ. ನೋಡಬೇಕು ಅನ್ನಿಸಿತು, ಕೈ ಜೇಬಿನಲ್ಲಿಟ್ಟುಕೊಂಡೆ.

ಇಬ್ಬರೂ ಮೊಣಕೈವರೆಗೆ ಕೆಸರು ಮಾಡಿಕೊಂಡು ಕೂತಿದ್ದೆವು. ಬುರುಜು ತಟ್ಟುತ್ತ, ಅವಳ ಮುಖ ನೋಡದೆ ಹೇಳಿದೆ: “ಆ ವರ್ಷ ಇರಿವಿ ಸ್ವಾರಿಗೆ ಹೋಗಿರಲಿಲ್ಲ. ನಾ ಪುಡಿ ಹಾಕಿದ್ನಿ.”

“ಗೊತ್ತೈತಿ” ಅಂದಳು. “ಇತ್ಲಾಗ ಮಣ್ಣ ಕೊಡು.”

ಕೊಟ್ಟೆ. “ಹೆಂಗ ಗೊತ್ತು?”

“ಬಾಗಲಾಗ ಕರೀ ಮಣ್ಣ ಇತ್ತು. ನಾವು ಕಟ್ಟಿದ್ದು ಕೆಂಪ ಮಣ್ಣಾಗ.”

“ಅವತ್ತ ಗೊತ್ತಾಗಿತ್ತಾ?”

“ಹೂಂ.”

“ಮತ್ತ ದಿನಾ ಸಕ್ಕರಿ ಯಾಕ ಇಡತಿದ್ದಿ?”

ಅವಳು ಮೆಟ್ಟಿಲು ಕೊರೆಯುವುದನ್ನು ನಿಲ್ಲಿಸಲಿಲ್ಲ. “ನೀ ಕಿಡಕ್ಯಾಗ ನಿಂತು ನೋಡತಿದ್ದೆಲ್ಲಾ.”

ಆರು ವರ್ಷದ ಮಗು ಅಷ್ಟೂ ದಿನ ನನಗೋಸ್ಕರ ಸಕ್ಕರೆ ಇಟ್ಟಿತ್ತು, ನನ್ನ ಸುಳ್ಳು ನನ್ನೆದುರು ಒಡೆಯದಿರಲಿ ಎಂದು. ನಾನು ಅವಳ ಕೈಗೆ ಚೀಲ ಕಟ್ಟಿದವನು, ಸೀಸ ಹತ್ತೀತೆಂದು ಹೆದರಿದವನು. ಇದು ಹತ್ತೀತೆಂದು ನನಗೆ ಹೊಳೆದಿರಲೇ ಇಲ್ಲ.

“ಆಯಿಗೂ ಹೇಳಲಿಲ್ಲ?”

“ಆಯಿಗೆ ಗೊತ್ತಿತ್ತಲ್ಲ. ಉಪಾಸ ಇದ್ಲು.” ಎದ್ದು ಹೋಗಿ ನಲ್ಲಿಯ ಬುಡದಿಂದ ಒಂದು ಚಪ್ಪಟೆ ಕಲ್ಲು ತಂದಳು. ಕಿಲ್ಲಾದ ಬಾಗಿಲಿಗೆ ಅದನ್ನು ಒತ್ತಿ ಕೂರಿಸಿ ಸುತ್ತ ಕೆಸರು ಮೆತ್ತಿದಳು.

“ಬಾಗಲಾ ಯಾಕ ಮುಚ್ಚಾಕತ್ತಿ? ಈ ಸಲ ನಾ ಏನೂ ಹಾಕೂದಿಲ್ಲ.”

“ಇರ್ಲಿ ಪಪ್ಪಾ.”

“ಮಹಾರಾಜರು ಒಬ್ಬರ ಆಗ್ತಾರಲ್ಲ ಒಳಗ.”

“ಅವರಿಗೆ ರೂಢಿ ಐತಿ.”

ಪುಡಿಯ ಡಬ್ಬಿ ಈಗಲೂ ಕಪಾಟಿನಲ್ಲಿದೆ. ಕಸಕ್ಕೆ ಎಸೆದರೆ ದನ ತಿಂದೀತು, ಹೊಳೆಗೆ ಹಾಕಿದರೆ ಮೀನು ಸತ್ತಾವು. ಎಲ್ಲಿ ಎಸೆಯಬೇಕೆಂದು ಮೂರು ವರ್ಷದಿಂದ ವಿಚಾರ ಮಾಡುತ್ತಿದ್ದೇನೆ. ಹಾಗಾಗಿ “ಏನೂ ಹಾಕೂದಿಲ್ಲ” ಎಂದ ನನ್ನ ಮಾತನ್ನು ಅವಳು ನಂಬಲಿಲ್ಲ ಎಂದು ಬೇಸರಪಡುವ ಹಕ್ಕು ನನಗಿಲ್ಲ.

ಹಬ್ಬದ ದಿನ ನಾನು ತಂದ ಪೆಟ್ಟಿಗೆ ಬಿಚ್ಚಿ ಸೈನಿಕರನ್ನು ತಾನೇ ನಿಲ್ಲಿಸಿದಳು. ಎಲ್ಲರ ಮನೆಯ ಕಿಲ್ಲಾಗಳಲ್ಲಿ ಸೈನಿಕರು ರಸ್ತೆಗೆ ಮುಖ ಮಾಡಿ ನಿಲ್ಲುತ್ತಾರೆ, ವೈರಿ ಬರುವುದು ಆ ಕಡೆಯಿಂದ ತಾನೇ. ನಮ್ಮ ಹನ್ನೆರಡೂ ಜನ ರಸ್ತೆಗೆ ಬೆನ್ನು ಹಾಕಿ, ಈಟಿ ಹಿಡಿದು, ನಮ್ಮ ಮನೆಯ ಬಾಗಿಲನ್ನೇ ನೋಡುತ್ತ ನಿಂತರು. ಬೆಳಿಗ್ಗೆ ಶಾಲೆಗೆ ಹೊರಡುವಾಗ ನಾನು ಅವರ ಎದುರಿಗೇ ಚಪ್ಪಲಿ ಹಾಕಿಕೊಳ್ಳುತ್ತೇನೆ.