ಜಾಲರಿಯ ಮೇಲಿನ ಹಾರ

“ಅಕ್ಕಾ, ಜೀಪ ಬ್ಯಾಡ. ನಮ್ಮ ಗಾಡಿ ತಗೊಂಡ ಬಾ.”

ತಮ್ಮ ಫೋನಿನಲ್ಲಿ ಹೇಳಿದ್ದು ಇಷ್ಟೇ. ಅಥವಾ ಇಷ್ಟನ್ನು ಮಾತ್ರ ನಾನು ಇಟ್ಟುಕೊಂಡಿದ್ದೇನೆ.

ಸೈನ್ಯದಿಂದ ನಿವೃತ್ತರಾಗಿ ಊರಿಗೆ ಬರುವವರನ್ನು ನಮ್ಮ ಕಡೆ ತೆರೆದ ಜೀಪಿನಲ್ಲಿ ನಿಲ್ಲಿಸಿ, ಊರ ಹೆಬ್ಬಾಗಿಲಾದ ಅಗಸಿಯಿಂದ ಮನೆಯ ಬಾಗಿಲವರೆಗೆ ಮೆರವಣಿಗೆಯಲ್ಲಿ ಕರೆತರುತ್ತಾರೆ. ಮುರಗೋಡದ ದಾರಿಯಲ್ಲಿರುವ ನಮ್ಮ ಊರಿನಲ್ಲಿ ತಮ್ಮನಿಗಾಗಿ ಜೀಪು ಗೊತ್ತು ಮಾಡಿದ್ದರು. ಅವನಿಗೆ ಜೀಪು ಬೇಡವಾಗಿತ್ತು. ಸೈನ್ಯದಲ್ಲಿ ಅವನ ಕೆಲಸ ವಾಹನಗಳ ರಿಪೇರಿ, ಜೀಪುಗಳನ್ನು ಸಾಕಷ್ಟು ನೋಡಿದ್ದ. ಅವನಿಗೆ ಬೇಕಾದದ್ದು ನಮ್ಮಿಬ್ಬರ ಹಳೆಯ ಸ್ಪೋರ್ಟ್ಸ್ ಕಾರು.

ಎರಡೇ ಸೀಟಿನ, ಮೇಲ್ಛಾವಣಿ ಇಲ್ಲದ ವಿಲಾಯತಿ ಗಾಡಿ ಅದು. ನಮ್ಮಿಬ್ಬರಿಗಿಂತ ಹಿರಿಯದು. ಒಳಗೆ ಕೂತು ಕೈ ಇಳಿಬಿಟ್ಟರೆ ರಸ್ತೆ ಬೆರಳಿಗೆ ತಾಗುತ್ತದೆ. ರಾಮದುರ್ಗದ ಒಂದು ಮಗ್ಗದ ಮನೆಯಲ್ಲಿ ನೂಲಿನ ಗಂಟುಗಳ ಕೆಳಗೆ ಅದು ಸಿಕ್ಕಾಗ ಅದರ ಸೀಟನ್ನು ಇಲಿಗಳು ತಿಂದಿದ್ದವು, ಎಂಜಿನ್ನು ತಿರುಗುತ್ತಿರಲಿಲ್ಲ. ಬೈಲಹೊಂಗಲದಲ್ಲಿ ನನ್ನದು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ಅಂಗಡಿಯ ಹಿಂದಿನ ತಗಡಿನ ಶೆಡ್ಡಿಗೆ ಅದನ್ನು ಹೇರಿಕೊಂಡು ಬಂದೆವು. ಆಮೇಲೆ ತಮ್ಮನ ರಜೆಗಳೆಲ್ಲ ಆ ಶೆಡ್ಡಿನಲ್ಲಿ ಕಳೆದವು. ಅವ್ವ ಊಟದ ಡಬ್ಬಿ ತಂದಿಟ್ಟು ಗೊಣಗುತ್ತಿದ್ದಳು: “ಮಗಾ ಊರಿಗೆ ಬಂದಾನಂತ ಮಂದಿ ಹೇಳತಾರ. ನಾ ಬರೇ ಅವನ ಕಾಲ ನೋಡೇನಿ, ಗಾಡಿ ಕೆಳಗಿಂದ ಹೊರಗ ಚಾಚಿದ್ದು.”

ಈ ಗಾಡಿಯ ಗುಣವೊಂದನ್ನು ಹೇಳಬೇಕು, ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ಓಡುವುದಕ್ಕೆಂದೇ ಇದನ್ನು ಮಾಡಿದ್ದಾರೆ. ಸವದತ್ತಿಯ ರಸ್ತೆಗೆ ಬಿಟ್ಟರೆ ಗಾಳಿ ಮುಂದಿನ ಜಾಲರಿಯಿಂದ ನುಗ್ಗಿ ರೇಡಿಯೇಟರಿನ ನೀರನ್ನು ತಣ್ಣಗಿಡುತ್ತದೆ. ಮನುಷ್ಯರ ನಡಿಗೆಗೆ ಇಳಿಸಿದಿರೋ, ಕುದಿಯುತ್ತದೆ. ಒಮ್ಮೆ ಎಂ.ಕೆ. ಹುಬ್ಬಳ್ಳಿಯ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಬಿದ್ದು ಹಾಗೇ ಕುದಿದಿತ್ತು. ಆಗ ಎಂಜಿನ್ನಿನ ಮೇಲೆ ಕೂರುವ ಕಬ್ಬಿಣದ ಗಟ್ಟಿ, ನಾವು ಹೆಡ್ ಅನ್ನುವುದು, ಬಿರುಕು ಬಿಟ್ಟಿತು. ಬೇರೆ ಹೆಡ್ಡಿಗಾಗಿ ಹುಡುಕಿ ಹುಡುಕಿ ಸೋತೆವು. ಕೊನೆಗೆ ತಮ್ಮ ಒಂದು ಇಡೀ ರಜೆ ಕೂತು, ಬಿರುಕಿನ ಉದ್ದಕ್ಕೂ ತೂತು ಕೊರೆದು, ಸಣ್ಣ ಸಣ್ಣ ಮೊಳೆ ಕೂರಿಸಿ, ಗಾಯಕ್ಕೆ ಹೊಲಿಗೆ ಹಾಕಿದಂತೆ ಅದನ್ನು ಮುಚ್ಚಿದ್ದ. ಇನ್ನೊಂದು ಸಲ ಕುದಿದರೆ ಆ ಹೊಲಿಗೆ ನಿಲ್ಲುವುದಿಲ್ಲ ಎಂದು ಹೇಳಿದವನೂ ಅವನೇ.

“ಸಾವಕಾಶ ಹೋದ್ರ ಕುದೀತೈತಿ. ಮರತೇನ?” ಎಂದು ಫೋನಿನಲ್ಲಿ ಕೇಳಿದೆ.

“ಮರತಿಲ್ಲ. ಅದಕ್ಕ ನೀನ ಹೊಡೀಬೇಕು.”

ಹೌದು, ಫೋನಿನಲ್ಲಿ ಈ ಮಾತೂ ಆಗಿತ್ತು. ಇಷ್ಟೇ ಎಂದು ಮೇಲೆ ಬರೆದದ್ದು ಸರಿಯಲ್ಲ.

ಆ ದಿನ ಬಿಸಿಲು ಏರುವ ಮೊದಲೇ ಗಾಡಿಯನ್ನು ಅಗಸಿಗೆ ತಂದು ನಿಲ್ಲಿಸಿದೆ. ಕಾಕಾ, ಅಂದರೆ ನಮ್ಮಪ್ಪನ ತಮ್ಮ, ಓಣಿಯ ಹುಡುಗರನ್ನು ಕಟ್ಟಿಕೊಂಡು ಚೆಂಡು ಹೂವಿನ ಹಾರಗಳ ಬುಟ್ಟಿಯೊಂದಿಗೆ ಕಾಯುತ್ತಿದ್ದರು. ಮೆರವಣಿಗೆಯ ಎಲ್ಲ ಹೊಣೆ ಅವರದು. ಮೊದಲ ಹಾರವೇ ಜಾಲರಿಗೆ ಬಿತ್ತು.

“ಕಾಕಾ, ಜಾಳಿ ಮುಚ್ಚಬ್ಯಾಡ್ರಿ. ಅದಕ್ಕ ಗಾಳಿ ಬೇಕು.”

“ಗಾಳಿ ಎಲ್ಲಾ ಕಡೆ ಐತೆಲ್ಲವಾ. ಮಾರಿ ಬೋಳ ಇಟ್ರ ಮಂದಿ ಏನಂದಾರು?”

“ಹೆಡ್ ಹೋಗತೈತ್ರಿ.”

“ಯಾರ್ದ ಹೆಡ್ಡು? ನಿಂದು ಎಂದೋ ಹೋಗೇತಿ, ಈ ಡಬ್ಬಿ ತಗೊಂಡ ದಿನಾನ!”

ಹುಡುಗರು ನಕ್ಕರು. ನಾನೂ ನಕ್ಕು ಹಾರ ಬಿಚ್ಚಿ ಬದಿಗೆ ಕಟ್ಟಿದೆ. ನೀರಿನ ಕ್ಯಾನು ತರಲು ಹೋಗಿ ಬರುವಷ್ಟರಲ್ಲಿ ಜಾಲರಿಯ ಮೇಲೆ ಮೊದಲಿಗಿಂತ ದಪ್ಪದ ಹಾರಗಳು, ಅವುಗಳ ನಡುವೆ ತ್ರಿವರ್ಣದ ಪಟ್ಟಿ. ಅಷ್ಟರಲ್ಲಿ ತಮ್ಮನನ್ನು ಕರೆತಂದ ಗಾಡಿ ಬಂತು, ಪಟಾಕಿ ಹಚ್ಚಿದರು. ಸಮವಸ್ತ್ರದಲ್ಲಿದ್ದ ಅವನನ್ನು ಎತ್ತಿಕೊಂಡೇ ತಂದು ಸೀಟಿನ ಬೆನ್ನಿನ ಮೇಲೆ ಕೂರಿಸಿದರು. ಅವನ ಬೂಟುಗಳು ನನ್ನ ಪಕ್ಕದ ಸೀಟಿನ ಮುಂದೆ ಇಳಿಬಿದ್ದವು. ಅಲ್ಲಿಗೆ ಮಾತಾಡುವ ಹೊತ್ತು ಮುಗಿದಿತ್ತು.

ನಮ್ಮ ಮುಂದೆ ಒಂದು ಟ್ರ್ಯಾಕ್ಟರು. ಅದರ ಟ್ರೇಲರಿನ ಮೇಲೆ ಆಳೆತ್ತರದ ಸ್ಪೀಕರುಗಳು, ಹಿಂಬದಿಯಲ್ಲಿ ಜನರೇಟರು. ಜನರೇಟರಿನ ಬಿಸಿ ಉಸಿರು ನೇರ ನಮ್ಮ ಜಾಲರಿಗೆ. ಟ್ರ್ಯಾಕ್ಟರಿಗೂ ನಮಗೂ ನಡುವೆ ಕುಣಿಯುವವರು. ಮೇಲಿಂದ ಭಂಡಾರ. ಎಲ್ಲಮ್ಮನ ಗುಡ್ಡದಿಂದ ತಂದ ಆ ಅರಿಶಿನ ಪುಡಿಯನ್ನು ಮುಷ್ಟಿ ಮುಷ್ಟಿ ಎರಚುತ್ತಿದ್ದರು. ಅದು ಹೂವಿನ ಸಂದಿಯಿಂದ ಇಳಿದು ರೇಡಿಯೇಟರಿನ ಸಣ್ಣ ರೆಕ್ಕೆಗಳಲ್ಲಿ ಕೂರುತ್ತಿರುವುದು ನನಗೆ ಕಾಣುತ್ತಿರಲಿಲ್ಲ. ಆದರೂ ಕಂಡಂತೆ ನೆನಪಿದೆ.

ಡ್ಯಾಶ್‌ಬೋರ್ಡಿನಲ್ಲಿ ಬಿಸಿ ತೋರಿಸುವ ಸೂಜಿ ಮಧ್ಯ ದಾಟಿತು.

ಹೀಟರು ಹಾಕಿದೆ. ಚಳಿದೇಶದವರು ಕಾಲು ಬೆಚ್ಚಗಿರಲೆಂದು ಇಟ್ಟ ಸೌಕರ್ಯ ಅದು. ತೆರೆದರೆ ಎಂಜಿನ್ನಿನ ಬಿಸಿಯಲ್ಲಿ ಒಂದು ಪಾಲು ನಮ್ಮ ಕಾಲಿಗೆ ಬರುತ್ತದೆ, ಎಂಜಿನ್ನಿಗೆ ಅಷ್ಟು ಹಗುರ. ಬೈಲಹೊಂಗಲದ ಬೇಸಿಗೆಯಲ್ಲಿ ನನ್ನ ಮೀನಖಂಡದ ಮೇಲೆ ಒಲೆಯ ಬಾಯಿ ತೆರೆದಂತಾಯಿತು. ಚಪ್ಪಲಿಯ ರಬ್ಬರು ಮೆತ್ತಗಾಗಿ ಕ್ಲಚ್ಚಿಗೆ ಅಂಟತೊಡಗಿತು.

“ಹೀಟರ್ ಹಾಕಿಯೇನ?” ಮೇಲಿಂದ ತಮ್ಮನ ದನಿ. ತಲೆ ಎತ್ತಿ ನೋಡಿದೆ. ಜನರಿಗೆ ಕೈಮುಗಿಯುತ್ತ ನಗುತ್ತಿದ್ದ. ತುಟಿ ಅಲುಗುತ್ತಿರಲಿಲ್ಲ.

“ಹೂಂ.”

“ಸೂಜಿ ಎಲ್ಲೈತಿ?”

“ಕೇಳಬ್ಯಾಡ.”

“ಬಂದ್ ಮಾಡ ಎಂಜಿನ್ನ.”

“ಮಾಡಿದ್ರ ಮತ್ತ ಚಾಲೂ ಆಗೂದಿಲ್ಲ, ಇಷ್ಟ ಬಿಸಿ ಆದಮ್ಯಾಲ.”

“ತಳ್ಳತಾರ.”

“ತಳ್ಳಿಸ್ಕೊಂಡ ಬರ್ತಿಯೇನ ಮನೀಗೆ? ಇವತ್ತ? ಎಲ್ಲಾರೂ ಮೊಬೈಲ್ ಹಿಡದಾರ.”

“ಹೆಡ್ ಹೋದ್ರ?”

“ಹೋಗ್ಲಿ ತಗೋ. ಕೈ ಮುಗಿ, ಕಾಕಾ ನೋಡಾಕತ್ತಾರ.”

ಹೋಗಲಿ ಎಂದದ್ದು ನಾನೇ. ಆದರೆ ಹೋಗಲಿ ಎನ್ನುವ ಮನಸ್ಸಿರಲಿಲ್ಲ. ಅವನ ಮೆರವಣಿಗೆ ನಿಲ್ಲಬಾರದು ಎಂದು ನನಗೆ, ಗಾಡಿ ಸಾಯಬಾರದು ಎಂದು ಅವನಿಗೆ. ಕೆಟ್ಟು ನಿಂತ ಗಾಡಿಯನ್ನು ಹತ್ತು ಜನ ನೂಕುತ್ತಿರುವಾಗ ಅದರ ಮೇಲೆ ಹಾರ ಹಾಕಿಕೊಂಡು ಕೂತ ಸೈನಿಕ. ಆ ಚಿತ್ರ ಸಾಯುವ ತನಕ ಅವನ ಬೆನ್ನು ಬಿಡುತ್ತಿರಲಿಲ್ಲ. ಬದಿಯಲ್ಲಿ ನಡೆಯುತ್ತಿದ್ದ ಕಾಕಾನ ಅಂಗಿ ಹಿಡಿದು ಎಳೆದೆ.

“ಕಾಕಾ, ಮುಂದಿನ ಹಾರ ಅಷ್ಟು ತಗಸ್ರಿ. ಕೈ ಮುಗೀತೇನಿ.”

“ಹಾಕಿದ ಹಾರ ನಡುದಾರ್ಯಾಗ ತಗೀತಾರೇನ? ಹುಚ್ಚಿ ಅದಿಯೇನ? ಬಾಗಲಾ ಮುಟ್ಟಲಿ, ಆರತಿ ಆಗಲಿ.”

ಮುಂದೆ ಟ್ರ್ಯಾಕ್ಟರು ನಿಂತಿತು. ಹೊಸ ಹಾಡು, ಕುಣಿಯುವವರು ವರ್ತುಲ ಕಟ್ಟಿದರು. ನಾವು ನಿಂತದ್ದು ಹುತಾತ್ಮನ ಕಲ್ಲಿನ ಪಕ್ಕ. ನಮ್ಮ ಊರಿನ ಒಬ್ಬ ಸೈನಿಕ ಗಡಿಯಲ್ಲಿ ತೀರಿಕೊಂಡಿದ್ದ. ಅವನ ನೆನಪಿಗೆ ಊರವರು ನಿಲ್ಲಿಸಿದ ಸೊಂಟದೆತ್ತರದ ಕಲ್ಲು ಅದು. ಆ ದಿನ ಅದಕ್ಕೆ ಯಾರೂ ಹೂ ಹಾಕಿರಲಿಲ್ಲ. ಇದನ್ನು ನಾನು ಆಗ ಗಮನಿಸಿರಲಿಲ್ಲ, ಆಮೇಲೆ ವಿಡಿಯೊದಲ್ಲಿ ನೋಡಿ ಹೇಳುತ್ತಿದ್ದೇನೆ. ಸೂಜಿ ಕೆಂಪಿಗೆ ತಾಗಿತ್ತು. ಬಾನೆಟ್ಟಿನ ಅಂಚಿನಿಂದ ಕಾಯ್ದ ನೀರಿನ ವಾಸನೆ ಬರತೊಡಗಿತು. ಅದರೊಳಗಿನ ಕೂಲೆಂಟಿನಿಂದಾಗಿ ಅದು ಬೆಲ್ಲದ ಪಾಕದಂತೆ ಸಿಹಿ. ಆ ಸಿಹಿ ವಾಸನೆಯ ಅರ್ಥ ಆ ಗದ್ದಲದಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು.

ನನ್ನ ಪಕ್ಕದಿಂದ ಬೂಟುಗಳು ಮೇಲಕ್ಕೆ ಹೋದವು.

ತಮ್ಮ ಗಾಡಿಯಿಂದ ಹಾರಿದ. ಮುಂದೆ ಹೋಗಿ ಎರಡೂ ಕೈಯಿಂದ ಜಾಲರಿಯ ಹಾರಗಳನ್ನು ಕಿತ್ತ. ಬಿಚ್ಚಲಿಲ್ಲ, ಕಿತ್ತ. ಹುರಿ ಹರಿದ ಸಪ್ಪಳ ಕೇಳಿಸಿತು ಎಂದು ಬರೆಯಲು ಹೊರಟಿದ್ದೆ, ಆ ಸ್ಪೀಕರುಗಳ ಎದುರು ಅದು ಕೇಳಿಸಿರಲು ಸಾಧ್ಯವಿಲ್ಲ. ಕೇಳಿಸಿದ್ದು ಕಾಕಾನ ದನಿ: “ಏ! ಏನ ಮಾಡಾಕತ್ತಿಯೋ ಮಗನ!” ಕುಣಿಯುತ್ತಿದ್ದವರು ನಿಂತರು. ಹಾಡು ಹಾಕುವ ಹುಡುಗ ಹಾಡು ನಿಲ್ಲಿಸಿದ.

ಕೈತುಂಬ ಹಾರ ಹಿಡಿದು ತಮ್ಮ ನಿಂತಿದ್ದ. ನೆಲಕ್ಕೆ ಎಸೆಯುವ ಹಾಗಿಲ್ಲ, ತುಳಿಯುತ್ತಾರೆ. ನಡುವೆ ತ್ರಿವರ್ಣದ ಪಟ್ಟಿ ಬೇರೆ. ಮರಳಿ ಗಾಡಿಗೆ ಇಡುವಂತಿಲ್ಲ. ಆ ಕಡೆ ಈ ಕಡೆ ನೋಡಿದ. ಹತ್ತಿರದಲ್ಲಿದ್ದದ್ದು ಕಲ್ಲು. ಹೋಗಿ ಅದರ ಮೇಲೆ ಇಟ್ಟ. ಇಟ್ಟು ನೆಟ್ಟಗಾದ. ಸಮವಸ್ತ್ರದಲ್ಲಿ ಅಂಥ ಕಲ್ಲಿನ ಎದುರು ನೆಟ್ಟಗಾದವನ ಕೈ ತಾನಾಗಿ ಹಣೆಗೆ ಹೋಗುತ್ತದೆ.

ಯಾರೋ ಜೈಕಾರ ಕೂಗಿದರು. ಆಮೇಲೆ ಎಲ್ಲರೂ. ಕಾಕಾ ಕಣ್ಣೊರೆಸಿಕೊಂಡರು. ಕಲ್ಲಿನ ಗೌರವಕ್ಕೆಂದು ಟ್ರ್ಯಾಕ್ಟರನ್ನು ಸದ್ದಿಲ್ಲದೆ ಮುಂದೆ ಕಳಿಸಿಬಿಟ್ಟರು. ದಾರಿ ತೆರವಾಯಿತು. ತಮ್ಮ ಮತ್ತೆ ಹತ್ತಿ ಕೂತ. ಗೇರು ಹಾಕಿದೆ, ಗಾಳಿ ಬಂತು.

ವಿಡಿಯೊದಲ್ಲಿ ನಾನು ಸ್ಟೀರಿಂಗಿನ ಹಿಂದೆ ತಲೆ ತಗ್ಗಿಸಿ ಕೂತಿದ್ದೇನೆ. ಅದರ ಕೆಳಗೆ ಜನ ಬರೆದಿದ್ದಾರೆ, ಅಕ್ಕನ ದುಃಖ ನೋಡಿ ಎಂದು. ನಾನು ಸೂಜಿ ನೋಡುತ್ತಿದ್ದೆ.

ಮರುದಿನ ಎಂಜಿನ್ ಆಯಿಲ್ ನೋಡುವ ಕಡ್ಡಿಯನ್ನು ಎಳೆದು ತಮ್ಮ ಬಿಸಿಲಿಗೆ ಹಿಡಿದ. ಹೊಲಿಗೆ ಬಿಟ್ಟಿದ್ದರೆ ಆಯಿಲಿನಲ್ಲಿ ನೀರು ಸೇರಿ ಮಜ್ಜಿಗೆಯ ಬಣ್ಣ ಬಂದಿರುತ್ತದೆ. ಬಂದಿರಲಿಲ್ಲ. ಇಬ್ಬರೂ ಶೆಡ್ಡಿನ ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಷ್ಟರಲ್ಲಿ ವಿಡಿಯೊ ಕಿತ್ತೂರು ದಾಟಿ ಹೋಗಿತ್ತು. ಪರಿಚಯವಿಲ್ಲದವರೂ ಫೋನ್ ಮಾಡಿ ಅವನನ್ನು ಹೊಗಳುತ್ತಿದ್ದರು. ಮೊದಮೊದಲು ಅವನು, “ಇಲ್ರಿ, ಗಾಡಿ ಕಾದಿತ್ರಿ” ಎನ್ನುತ್ತಿದ್ದ. ಆಮೇಲೆ “ಹೌದ್ರಿ, ನಮಸ್ಕಾರ್ರಿ” ಎಂದಷ್ಟೇ ಹೇಳತೊಡಗಿದ. ಅವನನ್ನು ಯಾಕೆ ದೂರಲಿ? ನನ್ನ ತಲೆಯಲ್ಲೇ ಈಗ ಅವನು ಗಾಡಿಯಿಂದ ಹಾರುವಾಗ ಮೊದಲು ಕಲ್ಲಿನ ಕಡೆ ನೋಡುತ್ತಾನೆ. ಹಾಗೆ ನೋಡಿರಲಿಲ್ಲ.

ಹುತಾತ್ಮನ ತಾಯಿ ಬಂದದ್ದು ಒಂದು ಮಧ್ಯಾಹ್ನ. ನಾವು ಗಾಡಿಯನ್ನು ಊರ ಮನೆಯ ಅಂಗಳದಲ್ಲಿ ನಿಲ್ಲಿಸಿ ರೇಡಿಯೇಟರಿನಿಂದ ಭಂಡಾರ ತೊಳೆಯುತ್ತಿದ್ದೆವು. ಹಳದಿ ನೀರು ಅಂಗಳದಲ್ಲಿ ಹರಿಯುತ್ತಿತ್ತು. ನಾವು ಅವಳನ್ನು ದೊಡ್ಡವ್ವ ಎನ್ನುತ್ತೇವೆ. ಸೆರಗಿನ ಗಂಟಿನಿಂದ ಕೊಬ್ಬರಿ ಸಕ್ಕರೆ ತೆಗೆದು ತಮ್ಮನ ಒದ್ದೆ ಅಂಗೈಗೆ ಹಾಕಿದಳು.

“ಅಷ್ಟ ಗದ್ದಲದಾಗ ನಿನಗ ನನ್ನ ಮಗಾ ಹೆಂಗ ನೆನಪಾದನೋ ಯಪ್ಪಾ?”

ನಾನು ಪೈಪಿನ ನೀರು ನಿಲ್ಲಿಸಿದೆ. ತಮ್ಮ ಅಂಗೈಯ ಸಕ್ಕರೆಯನ್ನೇ ನೋಡುತ್ತಿದ್ದ, ನೀರಿಗೆ ಕರಗುತ್ತಿತ್ತು. ಒಂದು “ಹೂಂ” ಸಾಕಾಗಿತ್ತು. ಹೂಂ ಅನ್ನು, ಅನ್ನು ಎಂದು ನಾನು ಒಳಗೇ ಒದ್ದಾಡುತ್ತಿದ್ದೆ.

“ನೆನಪಾಗಿದ್ದಿಲ್ಲ, ದೊಡ್ಡವ್ವ,” ಎಂದ. “ಗಾಡಿ ಕುದ್ಯಾಕತ್ತಿತ್ತು. ಗಾಳಿ ಆಡ್ಲಿ ಅಂತ ಹಾರ ಕಿತ್ತೆ. ಇಡಾಕ ಜಾಗಾ ಸಿಗಲಿಲ್ಲ, ಅಲ್ಲೆ ಇಟ್ಟೆ.”

ಅವಳು ಅವನ ಮುಖ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ನಕ್ಕಳು.

“ಮಿಲ್ಟ್ರಿ ಮಂದಿ ಎಲ್ಲಾ ಹಿಂಗ ನೋಡವ್ವ. ನನ್ನ ಮಗಾನೂ ಹಿಂಗ. ಮಾಡಿದ್ದ ಒಂದೂ ಒಪ್ಪತಿರಲಿಲ್ಲ.”

“ಖರೇನ ಹೇಳಾಕತ್ತೇನಿ, ದೊಡ್ಡವ್ವ.”

“ಆತ ಬಿಡು, ಖರೇ.” ಗಾಡಿಯ ಬಾಗಿಲನ್ನು ಮುಟ್ಟಿ ನೋಡಿದಳು. “ನನ್ನ ಒಂದ ಸರ್ತಿ ಇದರಾಗ ಕುಂದ್ರಿಸಿ ಆ ಕಲ್ಲಿನ ತನಕ ಕರ್ಕೊಂಡ ಹೋಗ್ರಿ. ಅಗಸಿಯಿಂದನ ಹೋಗೂಣು. ಸಾವಕಾಶ. ಮಂದಿ ನೋಡ್ಲಿ. ಅವಗ ಜೀಪಿನ್ಯಾಗ ನಿಂತ ಬರೂದ ಆಗಲಿಲ್ಲ.”

ಬಿಸಿಲು ನೆತ್ತಿಯ ಮೇಲಿತ್ತು. ಮತ್ತೆ ಅದೇ ದಾರಿ, ಅದೇ ನಡಿಗೆ. ಸಂಜೆ ಹೋಗೋಣ ಎಂದು ನಾನು ಬಾಯಿ ತೆರೆಯುವ ಮೊದಲೇ ತಮ್ಮ ಪಾನಾ ತಂದು ಬಾನೆಟ್ಟಿನ ಬೋಲ್ಟು ಬಿಚ್ಚತೊಡಗಿದ. ನನಗೆ ಹೊಳೆಯಿತು. ಇನ್ನೊಂದು ತುದಿ ಹಿಡಿದೆ. ಇಬ್ಬರೂ ಸೇರಿ ಬಾನೆಟ್ಟನ್ನು ಎತ್ತಿ ಕಟ್ಟೆಯ ಮೇಲೆ ಮಲಗಿಸಿದೆವು. ಒಳಗಿನ ಬಿಸಿಗೆ ಈಗ ಮೇಲೆ ಬಯಲು ಇತ್ತು.

“ಇದೇನೋ, ಹೊಟ್ಟಿ ಬಗದ ಇಟ್ರಿ?” ಎಂದಳು ದೊಡ್ಡವ್ವ.

“ಹಿಂಗಾದ್ರ ಸಾವಕಾಶ ಹೋಗತೈತಿ,” ಎಂದ ತಮ್ಮ. “ಸೆರಗ ಒಳಗ ಹಿಡಕೋ.”

ಅಗಸಿಯಿಂದ ಹೊರಟೆವು. ಹೂವಿಲ್ಲ, ಹಾಡಿಲ್ಲ. ಎಂಜಿನ್ನು, ಬೆಲ್ಟು, ತಿರುಗುವ ಫ್ಯಾನು ಎಲ್ಲ ಬಯಲಿಗೆ ಬಿದ್ದಿದ್ದವು. ನನ್ನ ಪಕ್ಕದಲ್ಲಿ ದೊಡ್ಡವ್ವ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಳು. ತಮ್ಮ ಎಂಜಿನ್ನಿನ ಮೇಲೆ ಕಣ್ಣಿಟ್ಟು ಪಕ್ಕದಲ್ಲೇ ನಡೆಯುತ್ತಿದ್ದ. ಮಧ್ಯಾಹ್ನದ ನಿದ್ದೆಯಿಂದ ಎದ್ದು ಜನ ಬಾಗಿಲಿಗೆ ಬಂದರು. ಕಾಕಾ ಕಟ್ಟೆಯಿಂದ ಇಳಿದು ನಿಂತರು.

“ಇನ್ನೂ ಸಾವಕಾಶ ಹೊಡಿಯವ್ವ,” ಎಂದಳು.

ಕಾಲು ಇನ್ನಷ್ಟು ಸಡಿಲಿಸಿದೆ. ಆಮೇಲೆ ಸೂಜಿಯ ಕಡೆ ನೋಡಲೇ ಇಲ್ಲ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ನೋಡಿದೆ. ಕಲ್ಲು ಬರುವ ತನಕ ಅದನ್ನೇ ನೋಡಿದೆ. ಅವಳು ಯಾರ ಯಾರ ಕಡೆ ಕೈಮುಗಿದಳು, ಅತ್ತಳೋ ನಕ್ಕಳೋ, ನನಗೆ ಗೊತ್ತಿಲ್ಲ.