ಗಾಜಿನ ಪೆಟ್ಟಿಗೆಯಲ್ಲಿ ಕಾವೇರಮ್ಮನ ತಪ್ಪು

ಬೆಳಗಿನ ಐದೂವರೆ. ಸಿದ್ಧಕಟ್ಟೆಯ ಮನೆಯ ಜಗಲಿಯಲ್ಲಿ ಕಾವೇರಮ್ಮ ಹಸಿಮಣ್ಣಿನ ಟೀಪಾಟಿನ ಬಾಯಿಗೆ ತೆಂಗಿನ ಕಡ್ಡಿಯೊಂದನ್ನು ಅಡ್ಡ ಇಟ್ಟು ತಲೆ ಬಗ್ಗಿಸಿ ನೋಡುತ್ತಿದ್ದಾರೆ. ಕಡ್ಡಿ ಚಹಾ ಸುರಿಯುವ ಕೊಂಬಿನ ತುದಿಯನ್ನು ಮುಟ್ಟಬೇಕು. ಮುಟ್ಟುತ್ತಿಲ್ಲ. ಕೊಂಬನ್ನು ಕಿತ್ತು ಮತ್ತೆ ಅಂಟಿಸುತ್ತಾರೆ.

ಅರುವತ್ತೆರಡರ ಕಾವೇರಮ್ಮ ಮಣ್ಣು ಮುಟ್ಟಿದ್ದು ಹದಿನಾಲ್ಕರಲ್ಲಿ. ದಿನಕ್ಕೆ ಹನ್ನೆರಡು ಮೀನುಸಾರಿನ ಮಡಕೆ, ತಿಂಗಳಿಗೊಮ್ಮೆ ಆವಿಗೆಯಲ್ಲಿ ಸುಡುವುದು, ಮಾರಾಟ ಬೆಳ್ತಂಗಡಿ ಸಂತೆಯಲ್ಲಿ. ಬಲಭುಜ ಈಗ ಪೂರ್ತಿ ಮೇಲೇಳುವುದಿಲ್ಲ. ಸುಟ್ಟಿಳಿಸಿದ ಪ್ರತಿ ಪಾತ್ರೆಯನ್ನೂ ಬೆರಳಿನ ಗೆಣ್ಣಿನಿಂದ ತಟ್ಟಿ ಸದ್ದು ಕೇಳುತ್ತಾರೆ. ಕೆಟ್ಟದ್ದನ್ನು ತಾವೇ ಒಡೆಯುತ್ತಾರೆ. ಅಂಥದ್ದು ಅಂಗಳ ದಾಟಿದ್ದಿಲ್ಲ.

ಈ ಸಲ ದಾಟಿತು. ಮೂಡುಬಿದಿರೆಯ ಕಲಾ ಶಿಕ್ಷಕಿ ಸ್ವರ್ಣಲತಾ ಬಗೆಬಗೆಯ ಟೀಪಾಟುಗಳ ಪ್ರದರ್ಶನಕ್ಕೆಂದು ಒಂದನ್ನು ಕೇಳಿದ್ದರು. ಈ ಮನೆಯಲ್ಲಿ ಚಹಾ ಕುದಿಯುವುದು ಅಲ್ಯೂಮಿನಿಯಂ ಪಾತ್ರೆಯಲ್ಲಿ. ಕೊಂಬಿನ ಪಾತ್ರೆಯೆಂದರೆ ಕಾವೇರಮ್ಮನಿಗೆ ಗೊತ್ತಿದ್ದದ್ದು ದೈವದ ಕೋಣೆಯ ಕಂಚಿನ ಗಿಂಡಿ. ಅದರಂತೆಯೇ ಕೊಂಬನ್ನು ಹೊಟ್ಟೆಗೆ, ತುದಿ ಬಾಯಿಗಿಂತ ತಗ್ಗಿರುವಂತೆ ಕೂರಿಸಿದರು. ಅರ್ಧ ತುಂಬುವಷ್ಟರಲ್ಲಿ ಚಹಾ ಕೊಂಬಿನಿಂದ ತಾನಾಗಿ ನೆಲಕ್ಕೆ ಸುರಿಯಿತು. ಒಡೆಯಲೆಂದು ಬದಿಗಿಟ್ಟಿದ್ದರು. ಅವರಿಲ್ಲದಾಗ ಶಿಕ್ಷಕಿ ಬಂದರು, ಗಂಡ ಡೊಂಬಯ್ಯ ಅದನ್ನೇ ಎತ್ತಿಕೊಟ್ಟರು.

ಪ್ರದರ್ಶನದಲ್ಲಿ ಅದು ಗಾಜಿನ ಪೆಟ್ಟಿಗೆಯೊಳಗಿದೆ. ಕೆಳಗೆ ದೊಡ್ಡಕ್ಷರದಲ್ಲಿ ಕಾವೇರಮ್ಮನ ಹೆಸರು.

"ನೋಡಲಿಕ್ಕೆ ಹೋಗಿದ್ದೆ ನಾನು. ನನ್ನ ತಪ್ಪಿಗೆ ಲೈಟ್ ಹಾಕಿ ಇಟ್ಟಿದ್ದಾರೆ. ಇದರಲ್ಲಿ ಚಹಾ ನಿಲ್ಲುವುದಿಲ್ಲ ಟೀಚರೇ ಅಂದೆ. ಅದೇ ಚಂದ ಅಂತ ಹೇಳ್ತಾರೆ. ಎಂತ ಚಂದ?"

ಅಲ್ಲಿ ಅದರ ಪಕ್ಕದಲ್ಲಿ ಬಾಯಿಯೇ ಇಲ್ಲದ ಟೀಪಾಟ್ ಇತ್ತು, ಮೂರು ಕೊಂಬಿನದ್ದೂ ಇತ್ತು. "ಅದನ್ನೆಲ್ಲ ಮಾಡಿದವರು ಬೇಕೂಂತ ಮಾಡಿದ್ದು. ನಾನು ಗೊತ್ತಿಲ್ಲದೆ ಮಾಡಿದ್ದು. ಎರಡೂ ಒಂದೇ ಆಗ್ತದಾ?"

ಡೊಂಬಯ್ಯನಿಗೆ ನಗು. "ಗಂಜಿ ಬೇಯಿಸುವ ಮಡಕೆಗೆ ಅಂಗಳ, ಸೋರುವುದಕ್ಕೆ ಗ್ಲಾಸಿನ ಮನೆ. ಇನ್ನು ನೀನು ಸೋರುವುದನ್ನೇ ಮಾಡು ಮಾರಾಯ್ತಿ."

"ಕೊಟ್ಟವರು ನೀವು. ಬಾಯಿ ಮುಚ್ಚಿ ಮಣ್ಣು ತುಳೀರಿ."

ಅಂಥದ್ದೇ ಇನ್ನೂ ಹತ್ತು ಬೇಕೆಂದು ಸ್ವರ್ಣಲತಾ ಹೇಳಿಕಳುಹಿಸಿದ್ದಾರೆ. ಕಾವೇರಮ್ಮ ಒಂದನ್ನೂ ಮಾಡಿಲ್ಲ. ಹೆಸರು ತೆಗೆಯಿರಿ ಎಂದರೆ ಶಿಕ್ಷಕಿ ಒಪ್ಪುತ್ತಿಲ್ಲ. ಪ್ರದರ್ಶನ ಮುಗಿಯಲು ಎಂಟು ದಿನ ಉಂಟು; ಅಷ್ಟರೊಳಗೆ ಸರಿಯಾದದ್ದೊಂದು ಸುಟ್ಟು ಇಳಿಯಬೇಕು.

"ಅದು ಬೇಕಾದರೆ ಅಲ್ಲೇ ಇರಲಿ. ಪಕ್ಕದಲ್ಲಿ ಇದನ್ನೂ ಇಡಲಿ, ಗ್ಲಾಸು ಮುಚ್ಚುವುದು ಬೇಡ. ಬಿಸಿ ಚಹಾ ತುಂಬಿಸಿ ಇಡಲಿ. ಬಂದವರು ಬಗ್ಗಿಸಿ ಕುಡಿಯಲಿ. ಆಮೇಲೆ ನನ್ನ ಹೆಸರು ಓದಲಿ."