ಕರ್ಚೀಫು ಹಾಕಿ ಹಿಡಿದ ಸೀಟು

ಮೊಳಕಾಲ್ಮೂರಿನ ಬ್ಯಾಂಕೊಂದರಲ್ಲಿ ಪ್ರಿಂಟರ್ ಕೆಟ್ಟಿದೆ ಅಂತ ರಿಪೇರಿಗೆ ಹೊರಟಿದ್ದೆ. ಆ ಕಡೆಗೆ ಅದೇ ಮೊದಲ ಸಲ. ಚಳ್ಳಕೆರೆಯಲ್ಲಿ ಬಸ್ಸು ಬಂದು ನಿಲ್ಲುವ ಮೊದಲೇ ಜನ ಕಿಟಕಿಗಳಿಂದ ಒಳಗೆ ಟವೆಲ್ ಎಸೆದು ಸೀಟು ಹಿಡಿದರು. ನಾನೂ ಬಿಡಲಿಲ್ಲ, ಜೇಬಿನ ಕರ್ಚೀಫು ಎಸೆದೆ.

ನೂಕುನುಗ್ಗಲಲ್ಲಿ ಹತ್ತಿ ನೋಡಿದರೆ ನನ್ನ ಸೀಟಲ್ಲಿ ಒಬ್ಬ ಅಜ್ಜಿ. ಕರ್ಚೀಫನ್ನು ನೀಟಾಗಿ ಮಡಚಿ ನನ್ನ ಕೈಗಿಟ್ಟು, "ನಿಂದೇನಪ್ಪಾ? ಇಲ್ಲಿ ಬಿದ್ದಿತ್ತು, ಜೋಪಾನ" ಅಂದರು.

"ಬಿದ್ದಿದ್ದಲ್ಲ ಅಜ್ಜಿ, ಸೀಟಿಗೆ ಅಂತ ಹಾಕಿದ್ದೆ."

"ಮೂಗು ಒರೆಸೋ ಬಟ್ಟೆಗೆ ಸೀಟು ಯಾರ್ ಕೊಡ್ತಾರಪ್ಪ? ಟವಲ್ಲು ಹಾಕಿದ್ರೆ ನಾನ್ಯಾಕೆ ಕೂರ್ತಿದ್ದೆ?"

ಸುತ್ತಲಿದ್ದವರೆಲ್ಲ ಹೌದೆಂದು ತಲೆಯಾಡಿಸಿದರು. ಎದುರಿನ ಸೀಟಲ್ಲಿ ಯಾರದೋ ಟವೆಲೊಂದು ಆರಾಮಾಗಿ ಕೂತಿತ್ತು. ಅದರ ಒಡೆಯ ಕೆಳಗೆ ಟೀ ಕುಡಿದು ಬರುವವರೆಗೂ ಯಾರೂ ಅದನ್ನು ಮುಟ್ಟಲಿಲ್ಲ. ನಾನು ಮೊಳಕಾಲ್ಮೂರಿನವರೆಗೂ ನಿಂತೇ ಹೋದೆ.

ಕೆಲಸ ಮುಗಿದದ್ದೇ ಅಂಗಡಿಗೆ ನುಗ್ಗಿ ಅಗಲವಾದ ಟವೆಲೊಂದನ್ನು ಕೊಂಡೆ. ವಾಪಸ್ಸು ಬರುವಾಗ ಕಿಟಕಿ ಪಕ್ಕದ ಸೀಟೇ ಸಿಕ್ಕಿತು.

ಮನೆಯಲ್ಲಿ ಹೆಂಡತಿ ಆಸೆಯಿಂದ ಬ್ಯಾಗು ತೆಗೆದಳು. ಟವೆಲನ್ನು ಎತ್ತಿ ಹಿಡಿದು, "ರೇಷ್ಮೆ ಸೀರೆ ಊರಿಗೆ ಹೋಗಿ ಇದನ್ನ ತಂದ್ರಾ?" ಅಂದಳು. ಕಿಟಕಿ ಪಕ್ಕದ ಸೀಟಿನ ಸುದ್ದಿ ನಾನು ಎತ್ತಲಿಲ್ಲ.